ಸೀಟಿನ ಕೆಳಗಿನ ಹಲ್ಲಿ

ಹುಣಸೂರಿನ ಸರ್ವಮಂಗಳಮ್ಮನ ಕಾರಿನಲ್ಲಿ ಒಂದು ಹಲ್ಲಿ ಇತ್ತು. ಅದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಹಾಗಿದ್ದರೂ ಅದರ ಮಾತು ಕೇಳಿಕೊಂಡೇ ಅವಳು ಹೊಗೆಸೊಪ್ಪು ಹದ ಮಾಡುವ ಎರಡನೇ ಬ್ಯಾರನ್ ಕಟ್ಟಿಸಿದ್ದಳು, ಕೆರೆಯ ಹಿಂದಿನ ಗದ್ದೆಯನ್ನು ಬೆಳೆಯ ಪಾಲಿಗೆ ವಾರಕ್ಕೆ ಬಿಟ್ಟಿದ್ದಳು, ಉಗ್ರಾಣದ ಬೀಗದ ಕೈಯನ್ನು ತಮ್ಮನಿಗೆ ಒಪ್ಪಿಸಿದ್ದಳು. ಈಗ ಮಗಳು ಸುಂದ್ರಮ್ಮನನ್ನು ಯಾವ ಮನೆಗೆ ಕೊಡಬೇಕೆಂಬುದನ್ನೂ ಅದೇ ಹಲ್ಲಿ ಹೇಳಿ ಮುಗಿಸಿತ್ತು.

ನಗುವವರು ನಗಲಿ. ಆಡಿದ ಮಾತಿನ ಹಿಂದೆಯೇ ಹಲ್ಲಿ ಲೊಚಗುಟ್ಟಿದರೆ ಬೆರಳಿನಿಂದ ನೆಲ ತಟ್ಟಿ ‘ಶಿವ ಶಿವಾ’ ಎನ್ನದವರು ಆ ಸೀಮೆಯಲ್ಲಿ ಯಾರಿದ್ದಾರೆ, ತೋರಿಸಿ. ಕಚೇರಿಯಲ್ಲಿ ಕೋಟು ತೊಟ್ಟು ಕೂರುವ ಅಮಲ್ದಾರರೂ ಮನೆಗೆ ಬಂದು ಪಂಚೆ ಉಟ್ಟ ಮೇಲೆ ತಟ್ಟುವವರೇ. ಸರ್ವಮಂಗಳಮ್ಮ ದಡ್ಡಿಯಾಗಿರಲಿಲ್ಲ. ಗಂಡ ಸತ್ತ ಮೇಲೆ ಹೊಗೆಸೊಪ್ಪಿನ ವ್ಯಾಪಾರವನ್ನು ಒಬ್ಬಳೇ ನಿಂತು ನಡೆಸಿದವಳು. ಎಲೆಯನ್ನು ಬೆರಳಲ್ಲಿ ಉಜ್ಜಿ ನೋಡಿಯೇ ಯಾವ ಹೊಲದ್ದೆಂದು ಹೇಳುತ್ತಿದ್ದಳು. ಕಾಡಿನ ಕಡೆಯಿಂದ ಸೌದೆ ತರುವ ಗಾಡಿಯವರು ಹಸಿ ಸೌದೆಯ ಮೇಲೆ ಒಣಗಿದ್ದನ್ನು ಹೊದಿಸಿ ತಂದರೆ ಬೀದಿಯಲ್ಲೇ ನಿಲ್ಲಿಸಿ ಮಾನ ತೆಗೆಯುತ್ತಿದ್ದಳು. ಅಂಥವಳು ಹಲ್ಲಿಗೆ ಕಿವಿ ಕೊಟ್ಟದ್ದು ಮನೆತನದ ಒಂದು ಪದ್ಧತಿಯಿಂದ.

ಅವಳ ಗಂಡನ ಮನೆಯಲ್ಲಿ ಹೆಣ್ಣು ಗಂಡಿನ ಮಾತನ್ನು ಶಕುನ ಕೇಳದೆ ಊರ ಎಲ್ಲೆ ದಾಟಿಸಿ ತರುವಂತಿರಲಿಲ್ಲ. ಸಂಬಂಧ ನೋಡಿ ಹಿಂತಿರುಗುವಾಗ ಎಲ್ಲೆಕಲ್ಲಿನ ಆಚೆಗೇ ಗಾಡಿ ನಿಲ್ಲಿಸಿ, ಎತ್ತುಗಳ ನೊಗ ಇಳಿಸಿ, ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು, ಆ ಮನೆಯ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ಬಾಯಿ ಕೆಂಪಾಗುವುದರೊಳಗೆ ಹಲ್ಲಿಯೋ, ಗುಡಿಯ ಗಂಟೆಯೋ, ಕರುವಿನ ಕೂಗೋ ಕೇಳಿದರೆ ಆ ಸಂಬಂಧವನ್ನು ಮನೆಗೆ ತರಬಹುದು. ಏನೂ ಕೇಳದಿದ್ದರೆ ಅಲ್ಲೇ ಉಗಿದು, ಆ ಮಾತನ್ನು ಅಲ್ಲೇ ಬಿಟ್ಟು, ತಿರುಗಿ ನೋಡದೆ ಬರಬೇಕು. ಬರಬರುತ್ತಾ ಮದುವೆಯ ಮಾತಿಗಷ್ಟೇ ಇದ್ದ ಪದ್ಧತಿ ಮನೆಯ ದೊಡ್ಡ ಮಾತಿಗೆಲ್ಲ ಹಬ್ಬಿತು. ಯಾವನೋ ಕಾಫಿ ತೋಟದ ದೊರೆ ವಿಲಾಯಿತಿಗೆ ಹೊರಟಾಗ ಮಡಿಕೇರಿಯಲ್ಲಿ ಮಾರಿ ಹೋದ ಹಳೆಯ ಕರಿ ಕಾರನ್ನು ಗಂಡ ಕೊಂಡು ತಂದ ಮೇಲೆ, ನೊಗ ಇಳಿಸುವ ಬದಲು ಎಂಜಿನ್ ನಿಲ್ಲಿಸುವುದೆಂದಾಯಿತು. ‘ಎತ್ತಿಗೆ ಒಂದು, ಕಾರಿಗೆ ಒಂದೇನ್ಲಾ?’ ಎಂದು ಅತ್ತೆಯೇ ಹಾಗೆ ಕಟ್ಟು ಮಾಡಿದ್ದಳು.

ಗಂಡ ತೀರಿಕೊಂಡ ಮೇಲೆ ಕಾರಿನ ಚಕ್ರ ಹಿಡಿದವನು ತಮ್ಮ ನೀಲಕಂಠಸ್ವಾಮಿ. ತಮ್ಮ ಎನ್ನುವುದು ಹೆಸರಿಗೆ. ತಾಯಿ ಅವನನ್ನು ಹಡೆದು ಕಣ್ಣು ಮುಚ್ಚಿದಾಗ ಸರ್ವಮಂಗಳಮ್ಮ ಇನ್ನೂ ಲಂಗ ಉಡುವ ಹುಡುಗಿ. ಅವನನ್ನು ಸೊಂಟದ ಮೇಲೆ ಹೊತ್ತೇ ಬೆಳೆದಳು, ಹೊತ್ತೇ ಗಂಡನ ಮನೆಯ ಹೊಸಿಲು ತುಳಿದಳು. ತನ್ನ ಹೊಟ್ಟೆಯಲ್ಲಿ ಸುಂದ್ರಮ್ಮ ಹುಟ್ಟಿದ ಮೇಲೂ ಮೊದಲ ತುತ್ತು ಅವನಿಗೇ. ಅವನನ್ನು ಕರೆಯುತ್ತಿದ್ದದ್ದೂ ‘ಮಗ’ ಎಂದೇ.

ಆ ಕಾರು ಪಿರಿಯಾಪಟ್ಟಣದ ದಾರಿಯ ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಪೆಟ್ರೋಲು ಮೇಲಕ್ಕೆ ಹತ್ತುತ್ತಿಲ್ಲ ಎಂದು ನೀಲಕಂಠಸ್ವಾಮಿ ಮೈಸೂರಿಗೆ ಒಯ್ದು ಏನೋ ಕರೆಂಟಿನ ಪಂಪು ಹಾಕಿಸಿಕೊಂಡು ಬಂದ. ಅಂದಿನಿಂದ ಏರು ಹತ್ತಿತು. ಅದಕ್ಕಿಂತ ಹೆಚ್ಚು ಸರ್ವಮಂಗಳಮ್ಮ ಕೇಳಲಿಲ್ಲ. ಆಮೇಲೆ ಕೆಲವೇ ದಿನಕ್ಕೆ, ಎರಡನೇ ಬ್ಯಾರನ್ನಿನ ಮಾತನ್ನು ಎಲ್ಲೆಯಲ್ಲಿ ಕೇಳಿದಾಗ, ಅವಳು ಕುಳಿತ ಸೀಟಿನ ಕೆಳಗಿನಿಂದ ‘ಟಿಕ್ ಟಿಕ್ ಟಿಕ್’ ಎಂದಿತು.

“ಹಲ್ಲಿ ಕಣಕ್ಕ, ಸೀಟೊಳಗೆ ಸೇರ್ಕಂಡದೆ,” ಎಂದು ನೀಲಕಂಠಸ್ವಾಮಿ ನಕ್ಕ. ಅವಳು ಕೈ ಮುಗಿದಳು. ಬ್ಯಾರನ್ ಕೈ ಹಿಡಿಯಿತು. ಇನ್ನೇನು ಬೇಕು, ಹಲ್ಲಿ ಮನೆದೇವರ ಪಕ್ಕಕ್ಕೆ ಹೋಗಿ ಕೂತಿತು.

ಸುಂದ್ರಮ್ಮನಿಗೆ ಎರಡು ಕಡೆಯಿಂದ ಮಾತು ಬಂದಿತ್ತು. ಒಂದು ಮಿರ್ಲೆಯದು. ಹುಡುಗ ವೀರಭದ್ರಸ್ವಾಮಿ ಅಲ್ಲಿನ ಸ್ಕೂಲಿನಲ್ಲಿ ಮೇಷ್ಟ್ರು, ಮನೆಯಲ್ಲಿ ಬತ್ತದ ಗದ್ದೆ, ಅವನ ತಾಯಿ ಪುಟ್ಟಮಾದಮ್ಮ ಬಾಯಿ ತುಂಬಾ ಮಾತಾಡುವ ಹೆಂಗಸು. ಹೊರಡುವಾಗ ಅವಳು ಸರ್ವಮಂಗಳಮ್ಮನ ಕೈ ಹಿಡಿದು, “ನಿಮ್ ಮಗ ಓದ್ಬೇಕು ಅಂದ್ರೆ ಓದ್ಲಿ ಕಣವ್ವ, ರೊಟ್ಟಿ ತಟ್ಟಾಕೆ ನಾನಿವ್ನಿ,” ಎಂದಿದ್ದಳು. ಹೆಣ್ಣು ಮಗುವನ್ನು ‘ಮಗ’ ಎಂದು ಕರೆದ ಆ ಒಂದು ಮಾತಿಗೇ ಸರ್ವಮಂಗಳಮ್ಮನ ಮನಸ್ಸು ಅರ್ಧ ಒಲಿದಿತ್ತು. ಆದರೆ ಕೆ.ಆರ್. ನಗರದ ದಾರಿಯ ಹುಣಸೆ ಮರದ ಕೆಳಗೆ ಕಾರು ನಿಲ್ಲಿಸಿ ಕೇಳಿದರೆ ಹಲ್ಲಿ ತುಟಿ ಬಿಚ್ಚಲಿಲ್ಲ. ಬಾಯಿ ಕೆಂಪಾಯಿತು, ತುಟಿ ಕೆಂಪಾಯಿತು. ಅವಳು ಇನ್ನೊಂದು ಎಲೆ ಮಡಿಸಲು ಹೋದಳು.

“ಎರಡ್ ಎಲೆ ಆಕಂಗಿಲ್ಲ ಕಣಕ್ಕ, ನಿಮ್ಮತ್ತೆ ಮಾಡಿದ್ ಕಟ್ಟು,” ಎಂದು ನೀಲಕಂಠಸ್ವಾಮಿ ಮೆತ್ತಗೆ ನೆನಪಿಸಿದ. “ಏನ್ಮಾಡೋದು ಬುಡು. ಋಣ ಇಲ್ಲ.”

ಇನ್ನೊಂದು ಪಿರಿಯಾಪಟ್ಟಣದ್ದು. ಪುಟ್ಟಮಲ್ಲಪ್ಪ ಹೊಗೆಸೊಪ್ಪಿನ ದೊಡ್ಡ ವ್ಯಾಪಾರಿ. ಹೆಂಡತಿ ಸತ್ತಿದ್ದಳು, ಒಂದು ಮಗು ಇತ್ತು, ತಲೆಯ ಮುಂಭಾಗ ಬರಿದಾಗಿತ್ತು. ಕೆಟ್ಟವನೇನಲ್ಲ. ಆದರೆ ಸುಂದ್ರಮ್ಮನನ್ನು ಅವನ ಪಕ್ಕದಲ್ಲಿ ನೆನೆಸಿಕೊಂಡರೆ ಸರ್ವಮಂಗಳಮ್ಮನಿಗೆ ಮನಸ್ಸು ಒಪ್ಪುತ್ತಿರಲಿಲ್ಲ. ಅವನು ಊಟಕ್ಕೆ ಕೂತಲ್ಲಿ ನೀಲಕಂಠಸ್ವಾಮಿಯ ಬೆನ್ನು ತಟ್ಟಿ, “ಇನ್ಮೇಲೆ ನಮ್ ಸೊಪ್ಪಿನ ಮಂಡಿಗೆ ಇವ್ರೂ ಒಬ್ರು ಯಜಮಾನ್ರು ಅನ್ಕಳಿ,” ಎಂದದ್ದನ್ನು ಅವಳು ಬೀಗರ ಉಪಚಾರ ಎಂದುಕೊಂಡಳು. ಹಿಂತಿರುಗುವಾಗ ಆ ಕಡೆಯ ಎಲ್ಲೆಯಲ್ಲಿ, ‘ಬೇಡ’ ಎಂಬುದನ್ನೇ ಮನಸ್ಸಿನಲ್ಲಿಟ್ಟುಕೊಂಡು ಪುಟ್ಟಮಲ್ಲಪ್ಪನ ಹೆಸರು ಹೇಳಿದಳು. ಬಾಯಲ್ಲಿ ಎಲೆ ಇನ್ನೂ ನುರಿದಿರಲಿಲ್ಲ. ‘ಟಿಕ್ ಟಿಕ್ ಟಿಕ್.’

ಅವಳು ಸೀಟು ತಟ್ಟಿದಳು. ಕಣ್ಣಲ್ಲಿ ನೀರು ಬಂತು. ದೈವದ ಮಾತಿಗೆ ಎದುರಾಡುವ ಹೆಂಗಸಲ್ಲ ಅವಳು.

ವಿಷಯ ತಿಳಿದ ಸುಂದ್ರಮ್ಮ ಅಂದು ಬೇಗನೆ ಮಲಗಿಬಿಟ್ಟಳು. ಮಾರನೆಯ ಬೆಳಿಗ್ಗೆ ಒರಳಿನ ಮುಂದೆ ಕೂತು ಕಾಯಿ ರುಬ್ಬುತ್ತಾ, ತಲೆ ಎತ್ತದೆ, “ಅವ್ವ, ಬಾಳಾಟ ಮಾಡೋಳು ನಾನು. ಹಲ್ಲಿ ಅಲ್ಲ,” ಎಂದಳು.

“ಬಾಯ್ಮುಚ್ಚು,” ಎಂದು ಸರ್ವಮಂಗಳಮ್ಮ ಗದರಿದಳು. ಆದರೆ ಆ ಮಾತು ದಿನವಿಡೀ ಬೆನ್ನಿಗೆ ಅಂಟಿಕೊಂಡು ಓಡಾಡಿತು.

ಪಿರಿಯಾಪಟ್ಟಣದಿಂದ ಬಂದ ದಿನ ಇನ್ನೊಂದೂ ಆಗಿತ್ತು. ಎಲ್ಲೆ ದಾಟಿ ಸ್ವಲ್ಪ ದೂರಕ್ಕೇ ಕಾರು ಕೆಮ್ಮತೊಡಗಿತು, ಸೀಟಿನ ಕೆಳಗಿನ ಹಲ್ಲಿ ಬಾಯಿ ಮುಚ್ಚುವುದನ್ನೇ ಮರೆತಂತೆ ಟಿಕಟಿಕಟಿಕ ಎಂದು ಹೊಡೆದುಕೊಂಡಿತು. ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಕಾರು ನಿಂತೇ ಹೋಯಿತು. ನೀಲಕಂಠಸ್ವಾಮಿ ತಡಬಡಿಸಿ ಇಳಿದು, “ಇದು ಹಲ್ಲಿ ಅಲ್ಲ ಕಣಕ್ಕ, ಎಂಜಿನ್ನಲ್ಲೇನೋ ಬಡ್ಕತಾ ಅದೆ. ನಾನೇ ನೋಡ್ತೀನಿ, ಯಾರೂ ಮುಟ್ಬ್ಯಾಡಿ,” ಎಂದ. ಮೂರು ಸಲ ಟಿಕ್ ಎಂದರೆ ಹಲ್ಲಿ, ಮುನ್ನೂರು ಸಲ ಎಂದರೆ ಎಂಜಿನ್ನು. ಆ ಲೆಕ್ಕ ಆಗಲೇ ಅವಳ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಂಬಿದವರ ತಲೆ ಹಾಗೆಯೇ.

ವೀಳ್ಯ ಬದಲಾಯಿಸುವುದು ಸೋಮವಾರ ಎಂದಾಯಿತು. ವೀಳ್ಯ ಬದಲಾದರೆ ಮುಗಿಯಿತು, ಆಮೇಲೆ ಮಾತು ತಪ್ಪಿದವರು ಸೀಮೆಯಲ್ಲಿ ತಲೆಯೆತ್ತಿ ಓಡಾಡುವಂತಿಲ್ಲ. ನೀಲಕಂಠಸ್ವಾಮಿ ಅದರ ಏರ್ಪಾಡಿಗೆಂದು ಬಸ್ಸಿನಲ್ಲಿ ಪಿರಿಯಾಪಟ್ಟಣಕ್ಕೆ ಹೋದ. ಸೋಮವಾರ ಆ ಕಡೆಯ ಹಿರಿಯರನ್ನು ಕರೆತರುವುದು ಇದೇ ಕಾರಿನಲ್ಲಿ. ನಡುದಾರಿಯಲ್ಲಿ ನಿಂತರೆ ಅಪಶಕುನ, ಮೇಲಾಗಿ ತಮ್ಮನಿಗೆ ಬೀಗರ ಮುಂದೆ ಅವಮಾನ. ಪಾಪ, ಅವನೊಬ್ಬನೇ ಎಷ್ಟು ಒದ್ದಾಡಬೇಕು ಎಂದು ಸರ್ವಮಂಗಳಮ್ಮ ಬಸ್ ಸ್ಟ್ಯಾಂಡಿನ ಹಿಂದೆ ಷೆಡ್ಡು ಇಟ್ಟಿದ್ದ ಮೆಕ್ಯಾನಿಕ್ ಶಿವನಂಜಪ್ಪನಿಗೆ ಹೇಳಿಕಳಿಸಿದಳು. ತಮ್ಮನ ಮೇಲಿನ ಅಕ್ಕರೆಗೇ ಮಾಡಿದ ಕೆಲಸ ಅದು.

ಶಿವನಂಜಪ್ಪ ಕೆಲಸಕ್ಕಿಂತ ಮೊದಲು ಬಾಯಿ ಬಿಚ್ಚುವ ಆಸಾಮಿ. ಬಂದವನೇ ಕಾರಿನ ಸುತ್ತ ಒಂದು ಸುತ್ತು ಬಂದು, “ಪ್ಲಗ್ಗು ಕಣ್ರಮ್ಮ. ನೋಡಿದ್ ಕೂಡ್ಲೇ ಯೋಳ್ಬುಟ್ಟೆ,” ಎಂದ.

“ಒಂದು ಮಾತು,” ಎಂದಳು ಸರ್ವಮಂಗಳಮ್ಮ. “ಇಂದ್ಗಡೆ ಸೀಟಲ್ಲಿ ಹಲ್ಲಿ ಅದೆ. ಅದಕ್ಕೇನೂ ಮಾಡ್ಬ್ಯಾಡಿ.”

“ನಾನು ಹಲ್ಲಿ ತಿನ್ನಾಕಿಲ್ಲ ಬುಡಿ,” ಎಂದು ಅವನು ಎಂಜಿನ್ನಿನ ಮೇಲ್ಮುಚ್ಚಳ ಎತ್ತಿದ. ಪ್ಲಗ್ಗುಗಳನ್ನೆಲ್ಲ ಬಿಚ್ಚಿ ಉಜ್ಜಿ ಹಾಕಿದ, ಕಾರು ಶುರು ಮಾಡುವ ಹ್ಯಾಂಡಲ್ ತಿರುವಿ ತಿರುವಿ ಬೆವರಿದ. ಕಾರು ಮಿಸುಕಲಿಲ್ಲ. ಆಮೇಲೆ ವೈರು ಎಂದ. ವೈರು ನೆಟ್ಟಗಿತ್ತು. ಸರ್ವಮಂಗಳಮ್ಮ ಜಗಲಿಯ ಮೇಲೆ ಅಕ್ಕಿ ಆರಿಸುತ್ತಾ, “ನೋಡಿದ್ ಕೂಡ್ಲೇ ಇನ್ನೂ ಏನೇನ್ ಯೋಳ್ಬುಟ್ರಿ?” ಎಂದು ಕೆಣಕಿದಳು. ಅವನಿಗೆ ರೋಷ ಬಂತು. ಎಂಜಿನ್ನಿಗೆ ಪೆಟ್ರೋಲು ಬರುವ ಪೈಪು ಬಿಚ್ಚಿದರೆ ಒಣಗಿ ಕೂತಿತ್ತು. ಪೈಪಿನ ಜಾಡು ಹಿಡಿದು ಹಿಂದಕ್ಕೆ ಹೋದ, ಪಂಪಿನ ವೈರಿನ ಜಾಡು ಹಿಡಿದು ಮುಂದಕ್ಕೆ ಬಂದ. ಕೊನೆಗೆ ಡ್ರೈವರ್ ಸೀಟಿನ ಕೆಳಗೆ ತಲೆ ತೂರಿಸಿ, ಕೈಯಾಡಿಸಿ, “ಓ, ಇಲ್ಲಿ ಬೇರೆ ಸ್ವಿಚ್ಚೇ ಮಡಗವ್ನೆ!” ಎಂದು ಕೂಗಿದ.

ಸ್ಟೀರಿಂಗಿನ ಕೆಳಗೆ, ಎಡ ಮಂಡಿ ತಗಲುವ ಜಾಗದಲ್ಲಿ, ಮನೆಯ ದೀಪಕ್ಕೆ ಹಾಕುವಂಥ ಪಿಂಗಾಣಿ ಸ್ವಿಚ್ಚು. ಶಿವನಂಜಪ್ಪ ಅದನ್ನು ಒತ್ತಿದ.

ಹಿಂದಿನ ಸೀಟಿನ ಕೆಳಗಿನಿಂದ ಹಲ್ಲಿ ಮಾತಾಡಿತು.

ಸರ್ವಮಂಗಳಮ್ಮ ಮೊರ ಕೆಳಗಿಟ್ಟು ಎದ್ದು ನಿಂತು ಕೈ ಮುಗಿದಳು. ಬೆರಳು ತಾನಾಗಿಯೇ ಜಗಲಿಯ ಕಲ್ಲು ತಟ್ಟಿತು. ಶಿವನಂಜಪ್ಪ ಅವಳನ್ನೂ ಕಾರನ್ನೂ ಒಮ್ಮೆ ನೋಡಿ, ಅರ್ಥವಾದವನಂತೆ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಮ್ಮ, ಇದೇನಾ ನಿಮ್ ಹಲ್ಲಿ? ಬನ್ನಿ ಇಲ್ಲಿ, ದರ್ಶನ ಮಾಡಿಸ್ತೀನಿ.”

ಅವನು ಹಿಂದಿನ ಸೀಟನ್ನು ಎತ್ತಿ ಬದಿಗಿಟ್ಟ. ಕೆಳಗಿನ ಹಲಗೆ ಸರಿಸಿದ. ಟ್ಯಾಂಕಿನ ಪಕ್ಕದಲ್ಲಿ, ಕಾರಿನ ಒಡಲಿಗೇ ಬಿಗಿದು ಕೂರಿಸಿದ್ದ ಒಂದು ಕಬ್ಬಿಣದ ಡಬ್ಬಿ, ಅಂಗೈಯಷ್ಟು ದಪ್ಪ, ಮೈ ತುಂಬಾ ಧೂಳು. ಅದು ಟಿಕಟಿಕಟಿಕ ಎನ್ನುತ್ತಾ ಅದುರುತ್ತಿತ್ತು. ಸರ್ವಮಂಗಳಮ್ಮ ಬಗ್ಗಿ ಅದನ್ನು ನೋಡಿದಳು. ಕೈ ಮುಗಿದದ್ದು ಇದಕ್ಕೆ. ಮುಖಕ್ಕೆ ಬಿಸಿ ಏರಿತು.

ಗೆದ್ದ ಹುರುಪಿನಲ್ಲಿ ಶಿವನಂಜಪ್ಪನ ಬಾಯಿ ಹರಿಯತೊಡಗಿತು. “ನೋಡಿ, ಈ ಪಂಪು ಮಾತಾಡೋದ್ ಕೇಳಿದ್ರೇ ಕಾಯಿಲೆ ಗೊತ್ತಾಗ್ಬೇಕು. ಸ್ವಿಚ್ ಆಕುದ್ ಕೂಡ್ಲೇ ಬಿರ್ರನೆ ಹೊಡೀಬೇಕು, ಎಂಜಿನ್ ತಾವ ಒಂದು ಬಟ್ಲು ಅದೆ, ಅದು ತುಂಬ್ತಾ ತುಂಬ್ತಾ ನಿಧಾನ ಆಗ್ಬೇಕು, ತುಂಬಿದ್ಮ್ಯಾಕೆ ಗಪ್ ಅನ್ಬೇಕು. ಇದು ನಿಲ್ತಾನೇ ಇಲ್ಲ. ಅಂದ್ರೆ ಟ್ಯಾಂಕು ಖಾಲಿ, ಇಲ್ಲಾ ಎಲ್ಲೋ ಗಾಳಿ ಎಳ್ಕತಾ ಅದೆ.” ಟ್ಯಾಂಕಿಗೆ ಬಿದಿರು ಕಡ್ಡಿ ಇಳಿಸಿದ, ಕಡ್ಡಿ ಅರ್ಧ ಒದ್ದೆಯಾಯಿತು. ಪಂಪಿನಿಂದ ಹೊರಡುವ ಪೈಪಿನ ಬಾಯನ್ನು ಒಂದು ಡಬ್ಬದ ಪೆಟ್ರೋಲಿನಲ್ಲಿ ಅದ್ದಿದ, ಗುಳುಗುಳು ಎಂದು ಗುಳ್ಳೆ ಬಂದವು. “ಸಿಕ್ತಲ್ಲ ಕಳ್ಳ!” ಟ್ಯಾಂಕಿಗೂ ಪಂಪಿಗೂ ನಡುವಿನ ಕೀಲು ಸಡಿಲವಾಗಿತ್ತು. ಅದನ್ನು ಬಿಚ್ಚಿ ಒರೆಸಿ ಬಿಗಿ ಮಾಡಿ ಸ್ವಿಚ್ಚು ಒತ್ತಿದ. ಪಂಪು ಬಿರ್ರನೆ ಹೊಡೆಯಿತು, ಆಮೇಲೆ ನಿಧಾನಿಸಿತು, ಆಮೇಲೆ ಸುಮ್ಮನಾಯಿತು. ಕಾರು ಒಂದೇ ತಿರುವಿಗೆ ಶುರುವಾಯಿತು.

ಎಂಜಿನ್ ನಿಲ್ಲಿಸಿ, ಸ್ವಿಚ್ಚು ಆರಿಸಿ, ಅವನು ಒಂದು ಬೀಡಿ ಸೇದಿ ಮುಗಿಸಿದ. ಮತ್ತೆ ಸ್ವಿಚ್ಚು ಹಾಕಿದ. ಟಿಕ್ ಟಿಕ್ ಟಿಕ್. ನಿಂತಿತು.

“ಇನ್ನೊಂದು ಸಣ್ಣ ಕಾಯ್ಲೆ ಅದೆ,” ಎಂದ. “ಒಳಗಿನ ವಾಲ್ವು ಸವ್ದದೆ. ನಿಲ್ಸಿದಾಗ ಪೆಟ್ರೋಲು ಚೂರು ಇಂದಕ್ಕೆ ಇಳೀತದೆ. ಅದ್ಕೇ ಸ್ವಿಚ್ ಆಕಿದಾಗ್ಲೆಲ್ಲ ಮೂರು ಮಾತಾಡಿ ಗಪ್ ಆಯ್ತದೆ. ಈಗ್ಲೇ ಬಿಚ್ಚಿ ಸರಿ ಮಾಡ್ಬುಡ್ತೀನಿ. ಕೆಳಗೊಂದು ರಬ್ಬರು ಕೊಟ್ರೆ ಸದ್ದೇ ಕೇಳಾಕಿಲ್ಲ.”

ಸರ್ವಮಂಗಳಮ್ಮ ಕಾರಿನ ಬಾಗಿಲು ಹಿಡಿದು ನಿಂತಿದ್ದಳು. “ಸ್ವಿಚ್ ಆಕ್ದೆ ಅದು ಮಾತಾಡ್ತದಾ?”

“ಸ್ವಿಚ್ ಆಕ್ದೆ ಅದು ಕಲ್ಲು.”

“ಎಂಜಿನ್ ನಿಂತಿದ್ರೂ ಹೊಡೀತದಾ?”

“ಎಂಜಿನ್ಗೂ ಅದ್ಕೂ ಸಂಬಂಧ ಇಲ್ಲ ಕಣ್ರಮ್ಮ. ಕೈ ಆಕ್ದೋರಿಗೂ ಅದ್ಕೂ ಸಂಬಂಧ.”

“ಸ್ವಿಚ್ ಆಕ್ದೇನೇ ಕಾರು ಹೊರಡಬಲ್ದಾ?”

“ಬಟ್ಲಲ್ಲಿ ಇರೋಗಂಟ ಹೊರಡ್ತದೆ. ಒಂದ್ ಕೂಗಳತೆ ಹೋಯ್ತದೆ, ಆಮ್ಯಾಕೆ ಕೆಮ್ಮಿ ನಿಂತ್ಕತದೆ. ಹೊರಟ್ಮ್ಯಾಕೆ ಆಕಂಡ್ರೂ ಆಯ್ತದೆ, ಎಂಜಿನ್ ಗದ್ಲದಲ್ಲಿ ಈ ಸದ್ದು ಕೇಳಾಕಿಲ್ಲ.” ಅವನು ಸ್ಪ್ಯಾನರು ಎತ್ತಿಕೊಂಡ. “ಬಿಚ್ಲಾ?”

“ಬ್ಯಾಡಿ,” ಎಂದಳು ಸರ್ವಮಂಗಳಮ್ಮ. “ಅದು ಇದ್ದಂಗೇ ಇರ್ಲಿ. ಸೀಟು ಮುಚ್ಚಿ.”

ಅವನು ಹೋದ ಮೇಲೆ ಅವಳು ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಾ ಕೂತಳು. ಕಲ್ಲು ಕಾಣಿಸಲಿಲ್ಲ, ಅಕ್ಕಿಯೂ ಕಾಣಿಸಲಿಲ್ಲ. ಮಿರ್ಲೆಯಿಂದ ಬಂದ ದಿನ ಹುಣಸೆ ಮರದ ಕೆಳಗೆ ತಮ್ಮನ ಎರಡೂ ಕೈ ಚಕ್ರದ ಮೇಲೆ ಕೆತ್ತಿದ ಕಲ್ಲಿನಂತೆ ಕೂತಿದ್ದವು. ಪಿರಿಯಾಪಟ್ಟಣದ ದಿನ ಅವನು ಮಂಡಿ ಕೆರೆದುಕೊಂಡಿದ್ದ. ಬ್ಯಾರನ್ನಿನ ದಿನ? ಮೊದಲ ಸಲ ಗೊತ್ತಿಲ್ಲದೆ ಒತ್ತಿರಬಹುದು, ಅಕ್ಕ ಕೈ ಮುಗಿದದ್ದು ನೋಡಿ ತಮಾಷೆ ಎನಿಸಿರಬಹುದು. ಉಗ್ರಾಣದ ಬೀಗದ ಕೈ ಕೇಳಿದ ದಿನ? ಅಂದು ತಮಾಷೆಯಲ್ಲ. ಅವಳ ಭಕ್ತಿಯನ್ನೇ ಮೂಗುದಾರ ಮಾಡಿ ಅವಳನ್ನು ಎಳೆದುಕೊಂಡು ತಿರುಗಿದ್ದ. ಪುಟ್ಟಮಲ್ಲಪ್ಪ ಬೆನ್ನು ತಟ್ಟಿದ್ದು ನೆನಪಾಯಿತು. ‘ಇವ್ರೂ ಒಬ್ರು ಯಜಮಾನ್ರು.’

ಆದರೂ ಹೆತ್ತ ಕರುಳಿಗಿಂತ ಸಾಕಿದ ಕರುಳು ಮೊಂಡು. ಶಿವನಂಜಪ್ಪ ಬಾಯಿಬಡುಕ, ಪ್ಲಗ್ಗು ಅಂದ, ವೈರು ಅಂದ, ಎರಡೂ ಸುಳ್ಳಾಯಿತು. ಇದೂ ಸುಳ್ಳಿರಬಾರದೇಕೆ? ಪಂಪೂ ಇರಲಿ, ಹಲ್ಲಿಯೂ ಇರಲಿ, ಎರಡೂ ಇರಬಾರದೆಂದು ಎಲ್ಲಿದೆ? ಅವಳು ಒಬ್ಬಳೇ ಹೋಗಿ ಹಿಂದಿನ ಸೀಟನ್ನು ಎತ್ತಿ, ಹಲಗೆಯ ಸಂದಿಗೊಂದಿಗೆಲ್ಲ ಕಣ್ಣು ಹಾಕಿ ಹುಡುಕಿದಳು. ಧೂಳು, ಒಂದು ಅಡಿಕೆ ಚೂರು, ಸುಂದ್ರಮ್ಮ ಚಿಕ್ಕವಳಿದ್ದಾಗ ಕಳೆದುಕೊಂಡಿದ್ದ ಒಂದು ಹೇರ್‌ಪಿನ್ನು. ಹಲ್ಲಿಯ ಬಾಲವೂ ಇರಲಿಲ್ಲ.

ನೀಲಕಂಠಸ್ವಾಮಿ ಶುಕ್ರವಾರ ಬಂದ. ಕಾರು ಶುರುವಾದದ್ದು ನೋಡಿ ಅವನ ಮುಖ ಒಂದು ಕ್ಷಣ ಬಿಗಿಯಿತು.

“ಯಾರಕ್ಕ ಮುಟ್ಟಿದ್ದು?”

“ಶಿವನಂಜಪ್ಪ ಬಂದಿದ್ದ. ಏನೋ ಪೈಪು ಸಡ್ಲ ಆಗಿತ್ತಂತೆ.”

“ಸೀಟೂ ಗೀಟೂ ಎತ್ತಿದ್ನಾ?”

“ನಾ ಒಳಗೆ ಒಲೆ ಮುಂದಿದ್ದೆ ಕಣ ಮಗ. ಏನ್ ಮಾಡಿದ್ನೋ ಕಾಣೆ.” ಅವನಿಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಅವನ ಮುಖ ಸಡಿಲವಾಯಿತು. ಅದನ್ನು ಕಂಡೇ ಅವಳ ಅನುಮಾನ ಗಟ್ಟಿಯಾಯಿತು.

ಮಾರನೆಯ ದಿನ ಸೋಮವಾರದ ಊಟಕ್ಕೆ ಸಣ್ಣಕ್ಕಿ ತರಬೇಕೆಂದು ಅವಳು ಅವನನ್ನು ಕೆ.ಆರ್. ನಗರಕ್ಕೆ ಹೊರಡಿಸಿದಳು. ಅಕ್ಕಿ ಹುಣಸೂರಿನಲ್ಲೂ ಸಿಗುತ್ತಿತ್ತು. ಅವಳಿಗೆ ಬೇಕಿದ್ದದ್ದು ಆ ದಾರಿ. ದಾರಿಯುದ್ದಕ್ಕೂ ನೀಲಕಂಠಸ್ವಾಮಿ ಹುರುಪಿನಲ್ಲಿದ್ದ, ಪಿರಿಯಾಪಟ್ಟಣದ ಮಂಡಿ ಎಷ್ಟು ದೊಡ್ಡದು, ಅಲ್ಲಿ ಎಷ್ಟು ಜನ ಆಳುಗಳು ಎಂದೆಲ್ಲ ಹೇಳುತ್ತಿದ್ದ. ಸುಂದ್ರಮ್ಮನ ಹೆಸರು ಒಂದು ಸಲವೂ ಬರಲಿಲ್ಲ. ಹಿಂತಿರುಗುವಾಗ ಹುಣಸೆ ಮರ ಕಂಡಿತು. ಎಲ್ಲೆಕಲ್ಲು ಅಲ್ಲಿಂದ ಒಂದು ಕೂಗಳತೆ ಮುಂದೆ.

“ಇಲ್ಲಿ ನಿಲ್ಸು ಮಗ. ಒಂದು ಮಾತು ಕೇಳ್ಬೇಕು.”

“ಇನ್ನೇನಕ್ಕ ಕೇಳೋದು? ಎಲ್ಲಾ ಕೇಳಿ ಆಯ್ತಲ್ಲ.”

“ನಿಲ್ಸು.”

ಅವನು ಎಂಜಿನ್ ನಿಲ್ಲಿಸಿದ. ಎಂದಿನಂತೆ ಎಡಗೈ ಮಂಡಿಯ ಹತ್ತಿರ ಹೋಗಿ ಬಂತು. ಪಂಪಿನ ಸ್ವಿಚ್ಚು ಆರಿಸಿದ್ದು. ಇಷ್ಟು ವರ್ಷ ಕಣ್ಣ ಮುಂದೆಯೇ ಇದ್ದದ್ದು ಇಂದು ಅವಳಿಗೆ ಕಂಡಿತು. ಸಂಜೆಯ ಬಿಸಿಲು ರಸ್ತೆಯ ಮೇಲೆ ಉದ್ದಕ್ಕೆ ಬಿದ್ದಿತ್ತು. ಅವಳು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಸಿ ಬಾಯಿಗೆ ಹಾಕಿಕೊಂಡಳು. ಅಷ್ಟು ವರ್ಷ ಆ ಸೀಟಿನಲ್ಲಿ ಕೂತು ‘ಮಾತಾಡು ತಾಯಿ’ ಎಂದು ಬೇಡಿದವಳು ಇಂದು ಒಳಗೊಳಗೇ, ಮಾತಾಡಬೇಡ ತಾಯಿ, ದಮ್ಮಯ್ಯ ಮಾತಾಡಬೇಡ, ನಾನೇ ಪಾಪಿ ಎಂದಾಗಲಿ, ನನ್ನ ಅನುಮಾನವೇ ಸುಳ್ಳಾಗಲಿ ಎಂದು ಬೇಡಿಕೊಂಡಳು. ಅವನು ಸುಮ್ಮನೆ ಕೂತುಬಿಟ್ಟರೆ ಸಾಕಿತ್ತು. ಮನೆಗೆ ಹೋಗಿ ಅವನ ತಲೆಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳು.

ಗಟ್ಟಿಯಾಗಿ ಹೇಳಿದಳು. “ನನ್ ತಮ್ಮ ನನ್ ಮಗಳ ಇಸ್ಯದಲ್ಲಿ ಒಳಗೊಂದು ಒರಗೊಂದು ಮಾಡ್ದೆ ನಡ್ಕಂಡಿದ್ರೆ, ಒಂದ್ ಮಾತ್ ಯೋಳು ತಾಯಿ.”

ಚಕ್ರದ ಮೇಲೆ ಅವನ ಎರಡು ಕೈಗಳು. ಅವಳು ಅವನ್ನೇ ನೋಡುತ್ತಿದ್ದಳು. ಆ ಕೈಗಳಿಗೆ ಬೆರಳು ಹಿಡಿದು ನಡೆಯುವುದನ್ನು ಕಲಿಸಿದ್ದು ಅವಳು, ಸಿಡುಬು ಬಂದಾಗ ಕೆರೆದುಕೊಳ್ಳದಂತೆ ಬಟ್ಟೆ ಸುತ್ತಿ ರಾತ್ರಿಯಿಡೀ ಹಿಡಿದು ಕೂತದ್ದು ಅವಳು. ಹುಣಸೆ ಎಲೆ ಉದುರಿತು. ದೂರದಲ್ಲಿ ಯಾರದೋ ಎತ್ತಿನ ಗಾಡಿ ಹೋಯಿತು. ಎಡಗೈ ಚಕ್ರ ಬಿಟ್ಟಿತು. ಮೆಲ್ಲಗೆ, ಮಂಡಿ ಕೆರೆದುಕೊಳ್ಳುವವನ ಕೈಯಂತೆ, ಕೆಳಗೆ ಇಳಿಯಿತು.

ಟಿಕ್ ಟಿಕ್ ಟಿಕ್.

ನೀಲಕಂಠಸ್ವಾಮಿ ತಿರುಗಿ ನಕ್ಕ. ಕಣ್ಣಲ್ಲಿ ನೀರೂ ತಂದುಕೊಂಡಿದ್ದ. “ಕೇಳುದ್ಯಾ ಅಕ್ಕ? ನೀನೇ ನನ್ ಮ್ಯಾಲೆ ಅನ್ಮಾನ ಪಟ್ರೆ ನಾನೆಲ್ಲಿಗೋಗ್ಲಿ?”

“ಕೇಳ್ದೆ ಕಣ ಮಗ,” ಎಂದಳು. “ಇನ್ನು ಸ್ವಿಚ್ಚಿಂದ ಕೈ ತಗಿ.”

ಅವನ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಮುಖದ ಮೇಲೇ ನಿಂತಿತ್ತು. ಆಮೇಲೆ ಸ್ವಿಚ್ಚು ಆರಿಸಿದ ಸದ್ದು ಕೇಳಿತು.

“ಅಕ್ಕ, ಒಳ್ಳೇದಕ್ಕೇ ಕಣಕ್ಕ... ಅವ್ರು ದೊಡ್ಡ ಮನೆಯೋರು...”

“ಸುಂದ್ರಿಗೆ ಒಳ್ಳೇದಕ್ಕಾ, ನಿಂಗೆ ಒಳ್ಳೇದಕ್ಕಾ?”

ಅವನು ಮುಖ ತಿರುಗಿಸಿ ಚಕ್ರ ಹಿಡಿದ. ಸೀಟಿನ ಕೆಳಗಿನಿಂದ ಯಾವ ಸದ್ದೂ ಬರಲಿಲ್ಲ.

“ಬಾಯ್ಬುಟ್ಟು ಕೇಳಿದ್ರೆ ಎರಡೂ ಬ್ಯಾರನ್ನೂ ನಿಂಗೇ ಕೊಡ್ತಿದ್ನಲ್ಲೋ,” ಎಂದಳು. “ಎತ್ತಿ ಆಡ್ಸಿದ ಕೂಸು ಅದು. ಮಾವ ಮಾವ ಅಂತ ನಿನ್ ಇಂದೆ ಸುತ್ತಿದ್ ಕೂಸು. ಅದರ ಬಾಳ್ನ ಕೊಟ್ಟು ಒಂದು ಸೊಪ್ಪಿನ ಮಂಡಿ ತಗೊಂಡ್ಯಲ್ಲೋ, ದೇವ್ರ ಬಾಯಲ್ಲಿ ಸುಳ್ಳು ಆಡ್ಸಿ.”

ಬಾಗಿಲು ತೆಗೆದು ಇಳಿದಳು. ಹುಣಸೆ ಮರದ ಬುಡಕ್ಕೆ ಹೋಗಿ ಬಾಯಲ್ಲಿದ್ದದ್ದನ್ನು ಉಗಿದಳು. ಬಾಯಿ ಕೆಂಪಾಗಿತ್ತು. ಪಿರಿಯಾಪಟ್ಟಣದ ಮಾತು ಅಲ್ಲೇ ಉಳಿಯಿತು. ಸೆರಗನ್ನು ಬಿಗಿದುಕೊಂಡು ಎಲ್ಲೆಕಲ್ಲಿನ ಕಡೆಗೆ ನಡೆದಳು. ವೀಳ್ಯಕ್ಕೆ ಇನ್ನೂ ಒಂದು ದಿನ ನಡುವೆ ಇತ್ತು. ಇವತ್ತೇ ಪಿರಿಯಾಪಟ್ಟಣಕ್ಕೆ ‘ಬರಬೇಡಿ’ ಎಂದು ಹೇಳಿಕಳಿಸಬೇಕು, ಮಿರ್ಲೆಯ ಪುಟ್ಟಮಾದಮ್ಮನ ಮುಂದೆ ನಾಚಿಕೆ ಬಿಟ್ಟು ನಿಲ್ಲಬೇಕು. ಅದಕ್ಕೂ ಮೊದಲು ಸುಂದ್ರಿಯನ್ನು ಕೇಳಬೇಕು. ಅದನ್ನು ಮೊದಲೇ ಕೇಳಬೇಕಿತ್ತು.

ಹಿಂದೆ ಹ್ಯಾಂಡಲ್ ತಿರುಗಿದ ಸದ್ದಾಯಿತು, ಎಂಜಿನ್ ಶುರುವಾಯಿತು. ಕಾರು ಅವಳ ಬೆನ್ನಿಗೆ ಮೆಲ್ಲಗೆ ಬರತೊಡಗಿತು. “ಅಕ್ಕ, ಕಾರ್ ಅತ್ತು. ನಡ್ಕಂಡು ಓಗ್ಬ್ಯಾಡ, ಜನ ಏನಂದಾರು,” ಎಂದು ಅವನು ಕೂಗುತ್ತಿದ್ದ. ಅವಳು ತಿರುಗಲಿಲ್ಲ. ಅವನಿಗೆ ಆ ಸ್ವಿಚ್ಚನ್ನು ಮತ್ತೆ ಮುಟ್ಟಲು ಕೈ ಬರಲಿಲ್ಲವೋ, ಗಾಬರಿಯಲ್ಲಿ ಮರೆತೇಹೋಯಿತೋ. ಎಲ್ಲೆಕಲ್ಲು ಇನ್ನು ನಾಲ್ಕು ಮಾರು ಇರುವಾಗ ಕಾರು ಕೆಮ್ಮಿತು. ಇನ್ನೊಂದು ಸಲ ಕೆಮ್ಮಿ ನಿಂತುಹೋಯಿತು.

ಅವನ ಕಾರು ನಿಂತಾಗಲೆಲ್ಲ ‘ಏನಾಯ್ತು ಮಗ?’ ಎಂದು ಕೇಳುವುದು ಅವಳ ನಾಲಿಗೆಗೆ ಅಂಟಿದ ಅಭ್ಯಾಸ. ಕಾಲು ತಾನಾಗಿ ನಿಂತಿತು. ಮಾತು ತುಟಿಯವರೆಗೂ ಬಂತು. ಸರ್ವಮಂಗಳಮ್ಮ ಅದನ್ನು ನುಂಗಿಕೊಂಡು, ತಿರುಗಿ ನೋಡದೆ, ಒಬ್ಬಳೇ ಎಲ್ಲೆ ದಾಟಿದಳು.